ಆರೋಗ್ಯವಂತರನ್ನು ಕಂಡರಾಗದ ನಮ್ಮತ್ತೆ

ನಮ್ಮತ್ತೆಗೆ ಆರೋಗ್ಯವಂತರನ್ನು ಕಂಡರೆ ಆಗುತ್ತಿರಲಿಲ್ಲ. ಸುಳ್ಳಲ್ಲ! ಗಟ್ಟಿಮುಟ್ಟಾದವರು ಮನೆಗೆ ಬಂದರೆ ಒಂದು ಲೋಟ ಮಜ್ಜಿಗೆ ಕೊಟ್ಟು ಸಾಗಹಾಕುವರು. ಅದೇ ಕೆಮ್ಮಿಕೊಂಡೋ ಕುಂಟಿಕೊಂಡೋ ಬಂದರೆ ಚಾಪೆ ಹಾಸಿ, ಎಲೆಯಡಿಕೆ ತಟ್ಟೆ ಮುಂದಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಕೂತುಬಿಡುವರು. ಔಷಧ ಕೊಡುತ್ತಿದ್ದರೇ? ಇಲ್ಲ. ಒಂದು ಕಷಾಯ? ಅದೂ ಇಲ್ಲ. ಕೇಳುತ್ತಿದ್ದರು, ಅಷ್ಟೆ. ನೋವು ಯಾವ ಹೊತ್ತಿಗೆ ಬರುತ್ತದೆ, ಬಂದಾಗ ಯಾರ ಮೇಲೆ ಸಿಟ್ಟು ಬರುತ್ತದೆ, ಮನೆಯವರು ಏನಂತಾರೆ, ಅದನ್ನು ಕೇಳಿ ಹೊಟ್ಟೆಯಲ್ಲಿ ಏನಾಗುತ್ತದೆ. ಇದನ್ನೇ ಓದಿದವರು ಮಾಡಿದರೆ ಸಂಶೋಧನೆ ಅನ್ನುತ್ತಾರಂತೆ. ನಾನು ಕಾಟ ಅನ್ನುತ್ತಿದ್ದೆ.

ಅನುಭವದ ಮೇಲೆ ಹೇಳುತ್ತಿದ್ದೇನೆ. ಕೊಳ್ಳೇಗಾಲದಲ್ಲಿ ಬೆಳೆದ ನಾನು ಮದುವೆಯಾಗಿ ಕಾಮಗೆರೆ ಹತ್ತಿರದ ಆ ಹಳ್ಳಿಗೆ ಬಂದದ್ದು ಅರವತ್ತರ ದಶಕದ ಶುರುವಿನಲ್ಲಿ. ಮೊದಲ ವರ್ಷವೇ ಜ್ವರ ಹಿಡಿಯಿತು. ಕಂಬಳಿ ಹೊದ್ದು ಮಲಗಿದರೆ ಅತ್ತೆ ತಲೆಯ ಹತ್ತಿರ ಹಾಜರು.

"ಏನಾಯ್ತದಮ್ಮಿ?"

"ತಲೆನೋವು ಅತ್ತೆ."

"ತಲೆ ಊರೋರ್ಗೆಲ್ಲ ನೋಯ್ತದೆ. ನಿಂದು ಎಂಗ್ ನೋಯ್ತದೆ?"

ಕುತ್ತಿಗೆಯಿಂದ ಶುರುವಾಗುತ್ತೆ ಅಂದೆ. ಆಮೇಲೆ ಎಲ್ಲಿಗೆ ಹೋಗುತ್ತೆ ಅಂದರು. ಕಣ್ಣಿಗೆ ಅಂದೆ. ಯಾವ ಕಣ್ಣಿಗೆ ಅಂದರು. ತಡೆಯಲಾರದೆ, "ನೀವು ಮಾತಾಡಿದಾಗ ಜಾಸ್ತಿಯಾಗುತ್ತೆ" ಅಂದುಬಿಟ್ಟೆ. ಮುಗಿಯಿತು ನನ್ನ ಕಥೆ ಅಂದುಕೊಂಡರೆ ಅತ್ತೆಯ ಮುಖ ಅರಳಿತು. "ಆಂ, ಈಗ ಸರ್ಯಾಗಿ ಏಳ್ದೆ ನೋಡು" ಅಂತ ಎದ್ದು ಹೋಗಿ, ಬಾಗಿಲಿಗೆ ಅಡ್ಡ ಕೂತು, ಸಂಜೆಯವರೆಗೆ ನನ್ನ ಗಂಡನನ್ನೂ ಒಳಗೆ ಬಿಡಲಿಲ್ಲ.

ಕೊಳ್ಳೇಗಾಲದ ಡಾಕ್ಟರೊಬ್ಬರಿಗೂ ಈ ಪ್ರಸಾದ ಸಿಕ್ಕಿತ್ತು. ಮಾವನವರಿಗೆ ಹೊಟ್ಟೆನೋವು. ಅವರು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಚೀಟಿ ಬರೆಯತೊಡಗಿದ್ದರು. ಅತ್ತೆ ಕೈ ಚಾಚಿ ಪೆನ್ನು ಕಿತ್ತುಕೊಂಡರು! "ಸಾ, ಅವರಿನ್ನೂ ಏನೂ ಏಳೇ ಇಲ್ಲ. ಯಾರ ಒಟ್ಟೆಗೆ ಬರೀತಿದ್ದೀರಿ ನೀವು?" ಮಾವನವರು ಮೇಲೆ ಸೂರು ನೋಡುತ್ತಾ ಕೂತರು. ಆಮೇಲೆ ನಮ್ಮನ್ನು ಕಂಡಾಗಲೆಲ್ಲ ಆ ಡಾಕ್ಟರು ಪೆನ್ನನ್ನು ಮೊದಲು ಜೇಬಿಗೆ ಸೇರಿಸಿ, ಆಮೇಲೆ ಬನ್ನಿ ಅನ್ನುತ್ತಿದ್ದರು.

ಇಲ್ಲಿಯವರೆಗೆ ನಕ್ಕಿರಿ ತಾನೆ? ಮುಂದಿನದನ್ನು ನಾನು ನಗುತ್ತಾ ಹೇಳಲಾರೆ. ಈಗ ನೆನೆದರೂ ಮೈ ಉರಿಯುತ್ತದೆ.

ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿಯ ಮಾತಿಲ್ಲ. ಎಷ್ಟು ಚೆಂದದ ಏರ್ಪಾಡು! ಹಿಂದಿನ ಬೀದಿಯ ಮಾದಮ್ಮ, ಒಬ್ಬಂಟಿ ವಿಧವೆ, ಎಲ್ಲರ ಹೊಲಕ್ಕೂ ಎಲ್ಲರಿಗಿಂತ ಮೊದಲು ಹೋಗುತ್ತಿದ್ದವಳು. ಒಂದು ವರ್ಷ ಅವಳ ಕೀಲುಗಳೆಲ್ಲ ಹಿಡಿದುಕೊಂಡವು. ಕುಡುಗೋಲು ಹಿಡಿದರೆ ಬೆರಳು ಮಡಚುತ್ತಿರಲಿಲ್ಲ. ಜ್ವರವಿಲ್ಲ, ಗಾಯವಿಲ್ಲ, ನೋಡುವವರ ಕಣ್ಣಿಗೆ ಏನೂ ಇಲ್ಲ. ಅಷ್ಟು ಸಾಕಾಯಿತು ನಮ್ಮ ಜನಕ್ಕೆ. ನಾಟಕ ಆಡುತ್ತಾಳೆ ಅಂದರು. ಅವಳ ರಾಗಿ ಒಣಗಿ ನಿಂತಿತ್ತು, ಮೋಡ ಕಟ್ಟುತ್ತಿತ್ತು. ಮಳೆ ಹಿಡಿದರೆ ಅವಳ ವರ್ಷದ ಊಟ ಮಣ್ಣುಪಾಲು.

ಯಾರ ಹೊಲ ಮೊದಲು, ಯಾರದು ಆಮೇಲೆ ಅಂತ ತೀರ್ಮಾನಿಸುವುದು ಊರ ದೊಡ್ಡವನಾದ ಮೇಲ್ಮನೆ ಯಜಮಾನನ ಜಗಲಿಯಲ್ಲಿ. ಅಲ್ಲಿ ಮಾದಮ್ಮನ ಸರದಿಯೇ ಬರಲಿಲ್ಲ. ಅತ್ತೆ ನನ್ನನ್ನೂ ಎಳೆದುಕೊಂಡು ಹೋಗಿ ನಿಂತರು.

"ಮಾದಮ್ಮನ ಒಲ ಯಾವತ್ತಪ್ಪ?"

"ಅವ್ಳು ಈ ವರ್ಸ ನಮ್ ಒಲಕ್ಕೆ ಬಂದಿದ್ರೆ ನಾವೂ ಓಯ್ತಿದ್ವಿ ಕಣಕ್ಕ. ನ್ಯಾಯ ಅಂದ್ಮೇಲೆ ಎಲ್ರಿಗೂ ಒಂದೇ" ಅಂದ ಯಜಮಾನ.

ನ್ಯಾಯವಂತೆ! ಕೈಕಾಲು ಗಟ್ಟಿಯಿರುವವರಿಗೆ ಮಾತ್ರ ಸಿಗುವ ನ್ಯಾಯ ಯಾರಿಗೆ ಬೇಕಾಗಿತ್ತು? ನನಗೇ ಅಷ್ಟು ರೇಗಿತು. ಅತ್ತೆ ಮಾತ್ರ ದನಿ ಏರಿಸಲಿಲ್ಲ.

"ಬರಕ್ಕಾಗ್ದೋಳೇ ಬೇರೆ, ಬರ್ದೆ ಕೂತೋಳೇ ಬೇರೆ. ನೀ ಸೊಂಟ ಇಡ್ಕಂಡು ಮಲಗಿದ್ಯಲ್ಲ, ಆಗ ನಿನ್ ಒಲ ಕೊಯ್ದೋರಲ್ಲಿ ಇವ್ಳೂ ಇದ್ಲು. ನಾ ಪಕ್ಕದಲ್ಲಿ ಕೂತು ಕೇಳ್ದಾಗ ನೀ ಏನೇಳ್ದೆ? ನೋವು ತಡ್ಕತೀನಿ ಕಣಕ್ಕ, ನಾಟಕ ಅಂತ ಜನ ಅಂದ್ಕಂಡ್ರೆ ತಡ್ಕಳಕ್ಕಾಗಲ್ಲ ಅಂತ ಕಣ್ಣೀರಾಕ್ದೆ. ಆಕ್ದ್ಯೋ ಇಲ್ವೋ?"

ಅಲ್ಲಿದ್ದ ಪ್ರತಿಯೊಬ್ಬರೂ ಒಂದಲ್ಲ ಒಂದು ಸಲ ಅತ್ತೆಯ ಮುಂದೆ ಅತ್ತವರೇ, ಮುಂದಿನ ಸರದಿ ಯಾರದೋ ಅಂತ ಎಲ್ಲರಿಗೂ ಭಯ. ಯಜಮಾನ ಮನಸ್ಸು ಬದಲಾಯಿಸಿದ ಅಂದುಕೊಂಡಿರಾ? ಟವೆಲ್ಲು ಕೊಡವಿ ಎದ್ದು ಒಳಗೆ ಹೋದ. ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮಾರನೆಯ ಬೆಳಗ್ಗೆ ಅತ್ತೆ, ನಾನು, ನನ್ನ ಗಂಡ ಕುಡುಗೋಲು ಹಿಡಿದು ಮಾದಮ್ಮನ ಹೊಲಕ್ಕೆ ಹೋದೆವು. ಪಟ್ಟಣದ ಹುಡುಗಿ ನಾನು ಕೊಯ್ದದ್ದಕ್ಕಿಂತ ತುಳಿದದ್ದೇ ಹೆಚ್ಚು. ಬಿಸಿಲೇರುವ ಹೊತ್ತಿಗೆ ಯಜಮಾನನ ಹೆಂಡತಿ ಯಾರಿಗೂ ಮುಖ ತೋರಿಸದೆ ಬಂದು ಒಂದು ಸಾಲು ಹಿಡಿದಳು. ಅವಳ ಹಿಂದೆ ಇನ್ನಷ್ಟು ಹೆಂಗಸರು ಬಂದರು. ಮಳೆಗೆ ಮೊದಲೇ ರಾಗಿಯೆಲ್ಲ ಕೊಯ್ದು ಮುಗಿಯಿತು.

ಊಟದ ಹೊತ್ತಿನಲ್ಲಿ ಬದುವಿನ ಮೇಲೆ ಕೂತಿದ್ದ ಮಾದಮ್ಮನ ಸೆರಗು ಗಾಳಿಗೆ ಜಾರಿತು. ಕೂದಲೆಲ್ಲ ಜಡೆಗಟ್ಟಿ ಉಂಡೆಯಾಗಿತ್ತು.

"ತಲೆ ಯಾಕಮ್ಮಿ ಇಂಗದೆ?" ಅಂದರು ಅತ್ತೆ.

"ಕೈ ತಲೆಮಟ್ಟ ಎತ್ತಕ್ಕಾಗಲ್ಲ ಕಣಕ್ಕ. ಇದ್ನೂ ಏಳ್ಕಬೇಕಾ ಅಂತ ನಾಚ್ಕೆ ಆಯ್ತು."

ಊರವರನ್ನೆಲ್ಲ ಪ್ರಶ್ನೆ ಕೇಳಿದ ನಮ್ಮತ್ತೆಗೆ ಆ ಕ್ಷಣ ಒಂದು ಪ್ರಶ್ನೆಯೂ ಹೊರಡಲಿಲ್ಲ. ತಮ್ಮ ತಂಬಿಗೆಯ ನೀರಲ್ಲಿ ಕೈ ತೊಳೆದು ಅವಳ ಹಿಂದೆ ಕೂತು, ಸಿಕ್ಕನ್ನು ಬೆರಳಿಂದಲೇ ಎಳೆ ಎಳೆಯಾಗಿ ಬಿಡಿಸತೊಡಗಿದರು. ಅತ್ತೆಯ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಾರನೆಯ ದಿನದಿಂದ ನಮ್ಮ ಮನೆಯ ಒಲೆ ಹೊತ್ತುವ ಮೊದಲೇ ಹಿಂದಿನ ಬೀದಿಗೆ ಹೋಗಿ ಮಾದಮ್ಮನ ತಲೆ ಬಾಚಿ ಬರುವರು.

ಕೆಲವು ವರ್ಷದ ಮೇಲೆ ಅತ್ತೆ ತೀರಿಕೊಂಡರು. ತಿಥಿ ಮುಗಿದ ಮಾರನೆಯ ಬೆಳಗ್ಗೆ ಬಾಚಣಿಗೆ, ಹರಳೆಣ್ಣೆ ಹಿಡಿದು ನಾನು ಹೋದೆ. ಮಾದಮ್ಮ ಏನೂ ಕೇಳದೆ ತಿರುಗಿ ಕೂತಳು. ಬಾಚುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ, "ನಿನ್ ಕೈಯೂ ಅಕ್ಕನ ಕೈನಂಗೇ ಒರಟು ಕಣಮ್ಮಿ" ಅಂದಳು. ನಾನು ಅವಳ ಬೆನ್ನಿಗೆ ಹಣೆಯೊತ್ತಿ ಅತ್ತುಬಿಟ್ಟೆ.