ಸದ್ದಿಗೊಂದು ಶಬ್ದ

ಬರೆದು ಬೈಸಿಕೊಳ್ಳುವುದು ನನ್ನ ಹಣೆಯಲ್ಲೇ ಬರೆದಿರಬೇಕು, ಇವತ್ತಿಗೂ ನಿಂತಿಲ್ಲ. ಎಪ್ಪತ್ತರ ದಶಕದ ಕೊನೆಗೆ ಬಂಟ್ವಾಳದಲ್ಲಿ ಮಾಸ್ತರನಾಗಿದ್ದುಕೊಂಡು ಮಂಗಳೂರಿನ ಪತ್ರಿಕೆಯೊಂದಕ್ಕೆ ಊರ ಸುದ್ದಿ ಕಳಿಸುತ್ತಿದ್ದೆ. ಅದೇ ಹೊತ್ತಿಗೆ ಮೂಡಬಿದ್ರೆಯ ನಿವೃತ್ತ ಹೆಡ್ಮಾಸ್ಟರೊಬ್ಬರ ಮಗಳ ಜೊತೆ ನನ್ನ ಮದುವೆಯ ಮಾತೂ ನಡೆದಿತ್ತು. ಹುಡುಗಿ ನನಗೆ ಬಹಳ ಇಷ್ಟವಾಗಿದ್ದಳು. ಆದರೆ ಅವಳ ತಂದೆ, "ಹುಡುಗನ ಕನ್ನಡ ನೋಡಿ ಹೇಳ್ತೇನೆ" ಎಂದು ನನ್ನ ವರದಿಗಳನ್ನು ಬಿಡದೆ ಓದುತ್ತಿದ್ದರಂತೆ.

೧

ಫರಂಗಿಪೇಟೆಯಲ್ಲಿ ಹಂಚಿನ ಲಾರಿ ಮಗುಚಿತು. "ಭಾರೀ ಸದ್ದು" ಎಂದು ಬರೆದೆ. ಸಂಪಾದಕರು ರೇಗಿದರು.

"ಎಂತದು ಮಾರಾಯ್ರೆ? ಲಾರಿ ಮಗುಚಿದರೂ ಭಾರೀ ಸದ್ದು, ಮರ ಬಿದ್ದರೂ ಭಾರೀ ಸದ್ದು. ನಿಮ್ಮಲ್ಲಿ ಬೇರೆ ಶಬ್ದ ಇಲ್ವಾ?"

"ಉಂಟು ಸಾರ್. ಮೊನ್ನೆ 'ಭೀಕರ ಸದ್ದು' ಅಂತ ಬರೆದಿದ್ದೆ."

"ಅದು ಭಜನೆಯ ಸುದ್ದಿಗೆ ಮಾರಾಯ್ರೆ!"

೨

ಮಡಂತ್ಯಾರಿನಲ್ಲಿ ಬೆಳ್ತಂಗಡಿ ಬಸ್ಸಿನ ಟಯರು ಒಡೆಯಿತು. ಈ ಸಲ ಹುಷಾರಾಗಿ "ಬಾಂಬು ಸಿಡಿದಂತೆ" ಎಂದು ಬರೆದೆ. ಮರುದಿನ ಶಾಲೆಗೇ ಪೊಲೀಸರೊಬ್ಬರು ಬಂದರು.

"ಇದು ಬರೆದದ್ದು ನೀವಾ?"

"ಹೌದು. ಆದರೆ ಒಡೆದದ್ದು ಟಯರು, ಬಾಂಬಲ್ಲ."

"ಅದು ನಮಗೂ ಗೊತ್ತುಂಟು. ಬಾಂಬಿನ ಸದ್ದು ಹೇಗಿರ್ತದೆ ಅಂತ ನಿಮಗೆ ಹೇಗೆ ಗೊತ್ತು, ಅದು ಹೇಳಿ."

೩

ಆಮೇಲೆ ಬಂತು ಅಗ್ನಿಪರೀಕ್ಷೆ. ಮೂಡಬಿದ್ರೆಯ ಸಭೆಯೊಂದರಲ್ಲಿ ಭಾವೀ ಮಾವನವರ ಭಾಷಣ. ಮೈಕು ಕೈಕೊಟ್ಟಿತು. ಅವರು ಜಗ್ಗಲಿಲ್ಲ, ಬರಿಗಂಟಲಲ್ಲೇ ರಸ್ತೆಯವರೆಗೆ ಕೇಳುವಂತೆ ಮಾತಾಡಿದರು. ಇದಕ್ಕೆ ತಕ್ಕ ಪದ ಸಿಕ್ಕರೆ ಹುಡುಗಿ ಸಿಕ್ಕಿದ ಹಾಗೆಯೇ ಎಂದುಕೊಂಡೆ. "ಗರ್ಜಿಸಿದರು" ಎಂಬುದು ರಾಜಕಾರಣಿಗಳ ಎಂಜಲು. "ಗುಡುಗಿದರು" ಸವಕಲು. ಮನೆಯಲ್ಲಿ ನಾವಾಡುವುದು ತುಳು, ಕನ್ನಡವೆಲ್ಲ ಪುಸ್ತಕದಿಂದಲೇ ಬರಬೇಕು. ಎಲ್ಲೋ ಓದಿದ್ದ ಗಟ್ಟಿ ಪದವೊಂದು ನೆನಪಾಯಿತು. "ಮೈಕಿಲ್ಲದಿದ್ದರೂ ಹಿರಿಯರು ಗುಟುರು ಹಾಕಿದರು" ಎಂದು ಬರೆದು ಕಳಿಸಿದೆ. ಸಂಪಾದಕರು ಆ ದಿನ ರಜೆಯಲ್ಲಿದ್ದರು. ಗುಟುರು ಹಾಕುವುದು ಗೂಳಿ ಎಂದು ನನಗೆ ತಿಳಿದದ್ದು ಅಚ್ಚಾದ ಮೇಲೆ.

ಕ್ಷಮೆ ಕೇಳಲು ಅವರ ಮನೆಗೆ ಓಡಿದೆ. ಗೇಟಿನ ಹೊರಗೇ ಅವರ ದನಿ ಕೇಳಿಸಿತು.

"ನಾನೆಂತ ಗೂಳಿಯಾ? ಇವನಿಗೆ ಹುಡುಗಿ ಕೊಡುವುದಿಲ್ಲ! ಸತ್ತರೂ ಕೊಡುವುದಿಲ್ಲ!"

ಅವರ ಹೆಂಡತಿ ಅಡುಗೆಮನೆಯಿಂದ ಜಗಲಿಗೆ ಬಂದು ಪೇಪರು ಇಸಿದುಕೊಂಡು ಓದಿದರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಗಂಡನ ಕಡೆ ತಿರುಗಿದರು.

"ನೋಡಿ, ಮದುವೆಯಾದಾಗಿನಿಂದ ನಾನು ಹುಡುಕುತ್ತಿದ್ದ ಶಬ್ದ ಈ ಹುಡುಗನಿಗೆ ಒಂದೇ ಭಾಷಣಕ್ಕೆ ಸಿಕ್ಕಿತು. ಇಂಥ ಅಳಿಯನನ್ನು ಬಿಡುವುದು ಬೇಡ, ಮದುವೆ ಮಾಡಿಯೇ ಬಿಡುವ!"