ಬೀಗರೆದುರು ನಮ್ಮ ಟೀಮು

ನಮ್ಮ ಆಳಂದದ ಫುಟ್‌ಬಾಲ್ ಟೀಮು ಮೈದಾನಕ್ಕೆ ಇಳಿಯಿತೆಂದರೆ ಏನಾದರೂ ಒಂದು ಆಗಿಯೇ ತೀರುತ್ತದೆ, ಗೋಲ್ ಒಂದನ್ನು ಬಿಟ್ಟು. ಚಡ್ಡಿ ಹಾಕುವ ವಯಸ್ಸಿನಿಂದ ನೋಡುತ್ತ ಬಂದಿದ್ದೇನೆ. ಈಗ ಮೊಮ್ಮಗ ಚಡ್ಡಿ ಹಾಕುತ್ತಿದ್ದಾನೆ, ಆಟದಲ್ಲಿ ವ್ಯತ್ಯಾಸ ಕಂಡಿಲ್ಲ. ನಮ್ಮ ಕಡೆ ಮಂದಿ ಸೇರುವುದು ಕ್ರಿಕೆಟ್ಟಿಗೆ, ಕಬಡ್ಡಿಗೆ. ಫುಟ್‌ಬಾಲಿಗೆ ಸೇರುವವರು ಆಡುವವರು, ಅವರನ್ನು ಬೈಯುವವರು, ಮತ್ತು ನಾನು. ನನ್ನದು ತೊಗರಿ ವ್ಯಾಪಾರ. ಹುಳ ಹತ್ತಿದ ಚೀಲವನ್ನು ಅಂಗಡಿಯಲ್ಲಿ ಒಂದು ದಿನ ಇಟ್ಟುಕೊಂಡವನಲ್ಲ. ಈ ಟೀಮನ್ನು ಮಾತ್ರ ಜೀವಮಾನವಿಡೀ ಇಟ್ಟುಕೊಂಡಿದ್ದೇನೆ. ಯಾಕೆ ಅಂತ ಕೇಳಬೇಡಿ. ಹುಡುಗರನ್ನು ಊರೂರಿಗೆ ಒಯ್ಯಲು ನನ್ನ ಹತ್ತಿರ ಟೆಂಪೋ ಇತ್ತು, ಆದ್ದರಿಂದ ಕ್ಲಬ್ಬಿನ ಅಧ್ಯಕ್ಷನೂ ಆದೆ.

ಸೋಲುವುದು ದೊಡ್ಡ ಮಾತಲ್ಲ, ಯಾರಾದರೂ ಸೋಲಲೇಬೇಕಲ್ಲ. ನನ್ನ ಕಷ್ಟ ಬೇರೆ. ಮಗಳನ್ನು ಅಫಜಲಪುರಕ್ಕೆ ಕೊಟ್ಟಿದ್ದೇನೆ, ಅಳಿಯನ ತಂದೆ ಅಲ್ಲಿಯ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು. ವರ್ಷಕ್ಕೊಮ್ಮೆ ಎರಡು ಊರಿಗೂ ಆಟ ಬೀಳುತ್ತದೆ. ಒಂದೇ ಒಂದು ಸಲ ಗೆದ್ದು, ಬೀಗರ ಪಡಸಾಲಿಯಲ್ಲಿ ತಲೆ ಎತ್ತಿ ಕೂತು ಚಹಾ ಕುಡಿಯಬೇಕು. ನನಗೆ ಬೇಕಾದದ್ದು ಇಷ್ಟೇ. ಅದು ಹೇಗೆಲ್ಲ ತಪ್ಪಿತು ಎಂಬುದನ್ನು ನಾಚಿಕೆ ಬಿಟ್ಟು ಬರೆಯುತ್ತೇನೆ.

ಗೋಡೆಯ ಮೇಲಿನ ಫೋಟೋ

ಅಫಜಲಪುರದವರು ಹುಡುಗಿ ನೋಡಲು ನಮ್ಮ ಮನೆಗೆ ಬಂದ ದಿನ. ಉಪ್ಪಿಟ್ಟು ಆಯಿತು, ಹುಡುಗಿ ಬಂದು ನಮಸ್ಕಾರ ಮಾಡಿ ಒಳಗೆ ಹೋದಳು. ಹುಡುಗನ ತಂದೆ ಎದ್ದು ಗೋಡೆಯ ಹತ್ತಿರ ಹೋದರು. ಅಲ್ಲಿ ನಮ್ಮ ಟೀಮಿನ ಫೋಟೋ ಇತ್ತು, ನಡುವೆ ಹಾರ ಹಾಕಿಕೊಂಡು ನಾನು.

“ಇದು ಯಾವ ಟೀಮ್ರಿ?”

“ನಮ್ಮೂರ ಕ್ಲಬ್ಬರಿ. ನಾನೇ ಅಧ್ಯಕ್ಷ” ಎಂದೆ. ಹೇಳುವಾಗ ಸ್ವಲ್ಪ ಎದೆ ಉಬ್ಬಿಸಿಯೂ ಇರಬಹುದು.

ಅವರು ಚಾಳೀಸು ಸರಿ ಮಾಡಿಕೊಂಡು, ಚೀಲದೊಳಗಿನ ಕಾಳು ನೋಡುವ ಹಾಗೆ ಒಬ್ಬೊಬ್ಬನ ಮಾರಿ ನೋಡಿದರು. “ಹೋದ ವರ್ಷ ನಮ್ಮೂರಿಗೆ ಬಂದು, ತಮ್ಮ ಗೋಲಿಗೆ ತಾವೇ ಹೊಡಕೊಂಡು ಹೋದ್ರಲ್ಲ, ಇವರೇ ಅಲ್ಲೇನ್ರಿ ಅವರು?”

“ಅವತ್ತು ಗಾಳಿ ಭಾಳ ಇತ್ರಿ” ಎಂದೆ.

ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮನೆತನ ಕೇಳಿದ್ದರು, ಹೊಲ ಕೇಳಿದ್ದರು, ಹುಡುಗಿಯ ಓದು ಕೇಳಿದ್ದರು. ಎಲ್ಲ ಸರಿ ಇದ್ದ ಸಂಬಂಧ ಒಂದು ಫೋಟೋಕ್ಕೆ ಮುರಿಯುತ್ತದೆ ಎಂದುಕೊಂಡೆ. ಅವರು ಬಂದು ಕೂತರು, ಉಳಿದ ಉಪ್ಪಿಟ್ಟು ಮುಗಿಸಿದರು, ಕೈ ಒರೆಸಿಕೊಂಡರು.

“ಇರ್ಲಿ ಬಿಡ್ರಿ” ಎಂದರು, “ಹುಡುಗಿ ಏನ್ ಆಡಂಗಿಲ್ಲಲ್ಲ.”

ಎಡಗಡೆಯ ತೊಗರಿ

ಮದುವೆಯಾದ ವರ್ಷವೇ ಅಫಜಲಪುರದಲ್ಲಿ ಆಟ. ನಮ್ಮ ಹುಡುಗರು ಆ ಸಲ ದಿನಾ ಬೆಳಿಗ್ಗೆ ಅಭ್ಯಾಸ ಮಾಡಿದ್ದರು. ಗೆಲ್ಲುತ್ತೇವೆ ಎಂದು ನಾನೇ ಮಗಳಿಗೆ ಫೋನ್ ಮಾಡಿ ಹೇಳಿದ್ದೆ.

ಆಟ ಶುರುವಾಯಿತು. ನೋಡಿದರೆ ನಮ್ಮವರು ಎಲ್ಲರೂ ಬಲಗಡೆ. ಹತ್ತೂ ಮಂದಿ ಮೈದಾನದ ಬಲ ಅರ್ಧದಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತ ಓಡುತ್ತಿದ್ದಾರೆ. ಎಡಕ್ಕೆ ಹೋದ ಚೆಂಡನ್ನು ನಿಂತು ನೋಡುತ್ತಾರೆ, ಹಿಂದೆ ಹೋಗುವುದಿಲ್ಲ. ಅಫಜಲಪುರದವರಿಗೆ ಇದು ತಿಳಿಯಲು ತಡವಾಗಲಿಲ್ಲ. ಎಡಗಡೆಯಿಂದ ಬಂದರು, ಹೊಡೆದರು, ಹೋದರು. ಮತ್ತೆ ಬಂದರು.

“ಲೇ, ಎಡಕ್ಕ ಹೋಗ್ರಲೇ” ಎಂದು ಕೂಗಿ ಕೂಗಿ ನನ್ನ ಗಂಟಲು ಹೋಯಿತು.

ನಡುವಿನ ವಿರಾಮದಲ್ಲಿ ಕ್ಯಾಪ್ಟನ್ ಬಂದ. ಆಟೋ ಓಡಿಸುವವನು, ಸುಳ್ಳು ಹೇಳುವ ಮನುಷ್ಯನಲ್ಲ. ಅದೇ ತೊಂದರೆ. ಬೀಗರು ನನ್ನ ಪಕ್ಕದಲ್ಲೇ ಕೂತಿದ್ದರು.

“ಸಾವ್ಕಾರ್ರ, ಎಡಕ್ಕ ಕಾಲೇ ಹೋಗವಲ್ಲವ್ರಿ. ನಮ್ಮ ಗ್ರೌಂಡಿನಾಗ ಎಡಗಡೆ ತೊಗರಿ ಒಣಾಕ ಹಾಕಿರ್ತಾರಲ್ರಿ. ಕಾಳು ತುಳದ್ರ ಬೈಸ್ಕೋತೇವಿ ಅಂತ ರೂಢಿ ಆಗಿಬಿಟ್ಟದ.”

ಬೀಗರು ನಿಧಾನಕ್ಕೆ ನನ್ನ ಕಡೆ ತಿರುಗಿದರು. “ಯಾರದ್ರಿ ಆ ತೊಗರಿ?”

ಕ್ಯಾಪ್ಟನ್ ನನ್ನ ಮುಖ ನೋಡಿದ. ನಾನು ದೂರದ ಕಬ್ಬಿನ ಗದ್ದೆ ನೋಡಿದೆ.

“ಮುಂದಿನ ವರ್ಷ ಎಡಕ್ಕ ಹಾಕಸಬ್ಯಾಡ್ರಿ ಬೀಗರ” ಎಂದರು, “ನಿಮ್ಮ ಗೋಲಿನಾಗ ಹಾಕಸ್ರಿ. ಅದರೇ ಒಂದೆರಡು ತಡದೀತು.”

ಶೇಂಗಾ ಹೋಳಿಗೆ

ಮರುವರ್ಷ ಆಟ ನಮ್ಮೂರಲ್ಲಿ. ಕಾಲಿನಿಂದ ಆಗದ್ದನ್ನು ತಲೆಯಿಂದ ಮಾಡೋಣ ಎಂದು ನಾನು ವ್ಯಾಪಾರಿಯ ಲೆಕ್ಕ ಹಾಕಿದೆ. ಬಂದವರು ಬೀಗರ ಊರಿನವರು, ಉಣ್ಣಿಸದೆ ಕಳಿಸುವ ಹಾಗಿಲ್ಲ. ಆ ಊಟವನ್ನು ಆಟಕ್ಕೆ ಮೊದಲೇ ಹಾಕಿದರೆ ಹೇಗೆ? ಶೇಂಗಾ ಹೋಳಿಗೆ, ಮೇಲೆ ತುಪ್ಪ, ಒಲ್ಲೆ ಅಂದರೂ ಬಿಡದೆ ಬಡಿಸಬೇಕು. ಬೀಗರ ಮರ್ಯಾದೆಯೂ ಆಯಿತು, ಅವರ ಓಟವೂ ನಿಂತಿತು.

ಮೈದಾನದ ಪಕ್ಕ ಪೆಂಡಾಲ್ ಹಾಕಿಸಿ, ಪಂಕ್ತಿಯಲ್ಲಿ ತಾಟು ಇಡಿಸಿ, ಬಡಿಸಲಿಕ್ಕೂ ಹಚ್ಚಿದೆ. ಅಫಜಲಪುರದ ಗಾಡಿ ಬಂತು. ಬೀಗರು ಇಳಿದರು, ತಾಟು ನೋಡಿದರು, ನನ್ನನ್ನು ನೋಡಿದರು.

“ಮೊದಲ ಆಟ ಆಗ್ಲಿ ಬೀಗರ. ಊಟ ಆಮ್ಯಾಲ ಆರಾಮ ಕುಂತು ಮಾಡ್ತೇವಿ. ಬರ್ರಿ, ನಾವಿಬ್ಬರೂ ಒಂದು ಕಪ್ ಚಹಾ ಕುಡ್ಯೂಣು.”

ಕೈ ಹಿಡಿದು ಕರೆದೊಯ್ದರು. ಬಿಡಿಸಿಕೊಂಡು ಬರಲಾದೀತೆ? ಚಹಾ ಮುಗಿಸಿ ತಿರುಗಿ ಬಂದು ನೋಡುತ್ತೇನೆ, ನಮ್ಮ ಟೀಮು ಸಾಲಾಗಿ ಕೂತು ಉಣ್ಣುತ್ತಿದೆ. ನನ್ನ ಹೆಂಡತಿಯೇ ತುಪ್ಪದ ಪಾತ್ರೆ ಹಿಡಿದುಕೊಂಡು, “ಇನ್ನೊಂದು ಹಾಕ್ಕೋ ತಮ್ಮಾ, ಓಡಾಡವರು ನೀವು” ಎನ್ನುತ್ತಿದ್ದಾಳೆ.

“ಏನ್ಲೇ ಇದು?” ಎಂದು ಕ್ಯಾಪ್ಟನ್ನನ್ನು ಕೇಳಿದೆ.

“ಬಡಿಸಿದ ತಾಟು ಹಂಗ ಬಿಟ್ರ ಅನ್ನಕ್ಕ ಅವಮಾನ ಅಲ್ರಿ ಸಾವ್ಕಾರ್ರ” ಎಂದ, ಬಾಯಿ ತುಂಬ ಹೋಳಿಗೆ.

ಆಟದ ಬಗ್ಗೆ ಹೆಚ್ಚು ಬರೆಯಲಾರೆ. ನಮ್ಮವನೊಬ್ಬ ಗೋಲುಗಂಬ ಹಿಡಿದು ನಿಂತವನು ಕೊನೆಯವರೆಗೂ ಕೈ ಬಿಡಲಿಲ್ಲ. ಇನ್ನೊಬ್ಬನನ್ನು ಬೈದರೆ, “ಚೆಂಡು ಕಾಣ್ತದ್ರಿ, ಅದರ ಹಂತ್ಯಾಕ ಹೋಗಾಕ ಆಗವಲ್ತು” ಎಂದ. ನಾಲ್ಕು ಗೋಲು ತಿಂದೆವು.

ಸಂಜೆ ಅಫಜಲಪುರದವರು ಕೈಕಾಲು ತೊಳೆದುಕೊಂಡು ಆರಾಮಾಗಿ ಪಂಕ್ತಿಗೆ ಕೂತರು. ಬೀಗರು ಮೊದಲ ತುತ್ತು ಬಾಯಿಗೆ ಇಟ್ಟು ಕಣ್ಣು ಮುಚ್ಚಿದರು.

“ಹೋಳಿಗಿ ಭಾಳ ಛಲೋ ಆಗ್ಯಾವ್ರಿ. ನಿಮ್ಮ ಹುಡುಗರು ಯಾಕ ಏಳವಲ್ರಾಗಿದ್ರು ಅಂತ ಈಗ ತಿಳೀತು.”

ಕೊಳಕೂರಿನವನು

ಅದರ ಮುಂದಿನ ವರ್ಷ ಜೇವರ್ಗಿಯವರು ತಮ್ಮೂರಲ್ಲಿ ಟೂರ್ನಿ ಇಟ್ಟಿದ್ದರು, ನಮಗೂ ಅಫಜಲಪುರಕ್ಕೂ ಅಲ್ಲೇ ಆಟ. ನಮ್ಮವನೊಬ್ಬ ತನ್ನ ತಮ್ಮನ ಮದುವೆ ಅಂತ ಕೈಕೊಟ್ಟ. ಒಬ್ಬ ಕಡಿಮೆ ಬಿದ್ದ. ಮೈದಾನದ ಅಂಚಿನಲ್ಲಿ ಸಂತೆಯ ಕೈಚೀಲ ಹಿಡಿದು ನಿಂತಿದ್ದ ಒಬ್ಬ ಕೊಳಕೂರಿನವನು, ಕಾಲೇಜಿನಲ್ಲಿದ್ದಾಗ ಆಡಿದ್ದೆ ಎಂದ. ಅವನಿಗೇ ನಮ್ಮ ಕೆಂಪು ಜರ್ಸಿ ಹಾಕಿ ಇಳಿಸಿದೆವು.

ಏನು ಆಡಿದ ಅಂತೀರಿ. ಬಂದು ಸ್ವಲ್ಪ ಹೊತ್ತಿಗೇ ಒಂದು ಗೋಲ್ ಹೊಡೆದ. ಅಫಜಲಪುರದವರೂ ಒಂದು ಹೊಡೆದರು, ಸಮ ಸಮ. ಬೀಗರು ನಗುವುದನ್ನು ನಿಲ್ಲಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮುಗಿಯಲು ಇನ್ನೇನು ಸ್ವಲ್ಪ ಇದೆ, ಕೊಳಕೂರಿನವನು ಚೆಂಡು ತಗೊಂಡು ಎಲ್ಲರನ್ನೂ ದಾಟಿದ. ಗೋಲ್‌ಕೀಪರ್ ನೆಲಕ್ಕೆ ಬಿದ್ದಿದ್ದಾನೆ. ಎದುರಿಗೆ ಖಾಲಿ ಗೋಲು. ಮುಟ್ಟಿಸಿದರೆ ಸಾಕು.

ಆಗ ರಸ್ತೆಯಲ್ಲಿ ಬಸ್ಸಿನ ಹಾರನ್ ಆಯಿತು. “ಕೊಳಕೂರ, ಕೊಳಕೂರ” ಎಂದು ಕಂಡಕ್ಟರ್ ಕೂಗಿದ.

ಅವನು ಚೆಂಡನ್ನು ಅಲ್ಲೇ ಬಿಟ್ಟ. ಓಡಿ ಬಂದು ಕೈಚೀಲ ಎತ್ತಿಕೊಂಡ. “ಇದು ಹೋದ್ರ ಮುಂದ ಬಸ್ಸಿಲ್ರಿ” ಎಂದು ನನಗೆ ಹೇಳಿ, ಜರ್ಸಿಯ ಸಮೇತ ಬಸ್ ಹತ್ತಿದ. ಹತ್ತಿದನೋ ಇಲ್ಲವೋ ಅಂತ ನಮ್ಮ ಹುಡುಗರೆಲ್ಲ ಬಸ್ಸಿನ ಕಡೆ ನೋಡುತ್ತ ನಿಂತರು. ಅಫಜಲಪುರದವರು ಚೆಂಡು ತಗೊಂಡು ಹೋಗಿ ನಮ್ಮ ಗೋಲಿಗೆ ಹೊಡೆದರು.

ಮುಂದೆ ತೊಗರಿ ಬೆಳೆ ನೋಡಲು ಕೊಳಕೂರಿಗೆ ಹೋಗಿದ್ದೆ. ಜೋಳದ ಹೊಲವೊಂದರ ನಡುವೆ ನಮ್ಮ ಜರ್ಸಿ ನಿಂತಿತ್ತು. ಒಳಗೆ ಹುಲ್ಲು, ಮೇಲೆ ಗಡಿಗೆ. ಬದುವಿನ ಮೇಲೆ ಅವನೇ ಕೂತಿದ್ದ.

“ನಮ್ಮ ಕ್ಲಬ್ಬಿನ ಅಂಗಿ ಬೆದರುಗೊಂಬಿಗಿ ಹಾಕೀಯಲ್ಲೋ” ಎಂದೆ.

“ಹೌದ್ರಿ ಸಾವ್ಕಾರ್ರ. ಒಂದು ಹಕ್ಕೀನೂ ದಾಟಿ ಹೋಗಂಗಿಲ್ಲ. ನಿಮ್ಮ ಟೀಮಿನಾಗ ಹಿಂಗ ತಡಿಯಾಂವ ಯಾವನರೆ ಇದ್ದಾನೇನ್ರಿ?”

ಬೀಗರ ಒದೆ

ಮತ್ತೆ ಆಟ ನಮ್ಮೂರಿಗೆ ಬಂತು. ಈ ಸಲ ಊಟದ ತಂತ್ರ ಇಲ್ಲ, ತೊಗರಿಯೂ ಇಲ್ಲ, ಮೈದಾನ ಪೂರ್ತಿ ಖಾಲಿ ಮಾಡಿಸಿದ್ದೆ. ಬೀಗರನ್ನೇ ಮುಖ್ಯ ಅತಿಥಿಯಾಗಿ ಕರೆದೆ. ಶಾಲು, ಹಾರ, ತಲೆಗೆ ಪೇಟ, ಎಲ್ಲ ಆಯಿತು. ಚೆಂಡಿಗೆ ಕುಂಕುಮ ಹಚ್ಚಿ ಕಾಯಿ ಒಡೆದೆವು. ಇನ್ನು ಅತಿಥಿಗಳು ಚೆಂಡಿಗೆ ಕಾಲು ಮುಟ್ಟಿಸಿ ಉದ್ಘಾಟನೆ ಮಾಡಬೇಕು.

ಬಂದ ದೊಡ್ಡವರೆಲ್ಲ ಹೆಬ್ಬೆರಳು ತಾಗಿಸಿ ಕೈ ಮುಗಿಯುವುದು ವಾಡಿಕೆ. ಬೀಗರು ಹಾಗಲ್ಲ, ವಯಸ್ಸಿದ್ದಾಗ ಆಡಿದವರು. ಧೋತರದ ಕಚ್ಚೆ ಬಿಗಿ ಮಾಡಿಕೊಂಡು ಹೊಡೆದರು. ಚೆಂಡು ನೇರ ನಮ್ಮ ಗೋಲಿನ ಕಡೆ ಹೊರಟಿತು. ನಮ್ಮ ಹುಡುಗರು ಎರಡೂ ಕಡೆ ಸರಿದು ದಾರಿ ಬಿಟ್ಟರು. ಗೋಲ್‌ಕೀಪರ್ ಒಂದು ಪಕ್ಕಕ್ಕೆ ನಿಂತು ಕೈ ಮುಗಿದ. ಚೆಂಡು ಒಳಗೆ ಹೋಯಿತು. ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ರೆಫ್ರಿ ಡ್ರಿಲ್ ಮಾಸ್ತರು, ನಿಯಮ ಬಲ್ಲವರು. “ಇದು ಲೆಕ್ಕಕ್ಕಿಲ್ರಿ, ಈಗ ಆಟ ಶುರು” ಎಂದರು.

ಬೀಗರು ಶಾಲು ತೆಗೆದು ಮಡಚಲು ಹಚ್ಚಿದರು. ಅವರ ಅಣ್ಣನವರು ಕುರ್ಚಿಯಿಂದಲೇ ಕೇಳಿದರು, “ಕರದು ಸನ್ಮಾನ ಮಾಡಿ, ಹೊಡದ ಗೋಲ್ ಇಲ್ಲ ಅಂದ್ರ ಹೆಂಗ್ರಿ?”

ಎಲ್ಲರೂ ನನ್ನ ಕಡೆ ನೋಡಿದರು. ಮಗಳೂ ನೋಡಿದಳು. ಸಂಜೆ ಅದೇ ಗಾಡಿಯಲ್ಲಿ ಆ ಮನೆಗೆ ತಿರುಗಿ ಹೋಗಬೇಕಾದವಳು ಅವಳು.

“ಲೆಕ್ಕಕ್ಕ ಹಿಡೀರಿ ಮಾಸ್ತರ” ಎಂದೆ, “ಒಂದು ಗೋಲ್ ಹಿಡೀರಿ.”

ಅವತ್ತು ನಮ್ಮ ಹುಡುಗರು ಎಂದೂ ಆಡದ ಹಾಗೆ ಆಡಿದರು. ಗೋಲ್‌ಕೀಪರ್ ಅಂತೂ ಹಾರಿ, ಉರುಳಿ, ಎದೆ ಕೊಟ್ಟು ತಡೆದ. ಆದರೂ ಸೋತೆವು, ಒಂದು ಸೊನ್ನೆ. ಆಟ ಮುಗಿದ ಮೇಲೆ ಅವನನ್ನು ಹಿಡಿದು ಕೇಳಿದೆ, “ಅಷ್ಟೆಲ್ಲ ತಡದಿ, ಅದೊಂದು ಯಾಕ ಬಿಟ್ಟೆಲೇ?”

“ಉಳಿದವರು ಬೀಗರಲ್ಲಲ್ರಿ” ಎಂದ.

ನನ್ನ ಸರದಿ

ಅಫಜಲಪುರದವರು ಮರುವರ್ಷ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದರು. ಕರೆಯುತ್ತಾರೆಂದು ಗೊತ್ತಿತ್ತು, ಮರ್ಯಾದೆ ಪಡೆದವರು ತಿರುಗಿಸಲೇಬೇಕು. ನಾನು ಒದ್ದ ಚೆಂಡು ಒಂದು ಸಲ ಗೋಲಿಗೆ ಹೋದರೆ ಮುಗಿಯಿತು. ಬೀಗರದು ಲೆಕ್ಕಕ್ಕೆ ಹಿಡಿದ ಮೇಲೆ ನನ್ನದನ್ನು ಇಲ್ಲ ಅನ್ನುವವರು ಯಾರು?

ಗೋದಾಮಿನಲ್ಲಿ ತೊಗರಿ ಚೀಲಗಳ ನಡುವೆ ಗೋಲು ಮಾಡಿಕೊಂಡು ದಿನಾ ಅಭ್ಯಾಸ ಮಾಡಿದೆ. ಹೆಂಡತಿ ಬಂದು ನೋಡಿದಳು.

“ಈ ವಯಸ್ಸಿನಾಗ ಯಾಕ ಒದಿಯಾಕತ್ತೀರಿ?”

“ಮಗಳ ಮರ್ಯಾದಿ ಸಲುವಾಗಿ.”

“ಮಗಳು ಆರಾಮ ಅದಾಳ. ಸೊಂಟ ನಿಮ್ಮದು” ಎಂದು ಹೋದಳು.

ಆ ದಿನ ಇಸ್ತ್ರಿಯ ಧೋತರ, ಹೊಸ ಕೊಲ್ಲಾಪುರಿ ಚಪ್ಪಲಿ. ಶಾಲು ಹೊದಿಸಿದರು, ಪೇಟ ಸುತ್ತಿದರು. ಚೆಂಡಿನ ಪೂಜೆಗೆ ಚಪ್ಪಲಿ ಕಳೆದಿಟ್ಟೆ, ಕಾಯಿ ಒಡೆದೆ. ಒದೆಯಲು ಹೋಗುವಾಗ ರೆಫ್ರಿ, “ಬರಿಗಾಲಿಲೆ ಹೊಡೀರಿ ಸಾವ್ಕಾರ್ರ, ಆಸಾನ ಆಗ್ತದ” ಎಂದರು. ನೆಲದ ತುಂಬ ನೆಗ್ಗಿನ ಮುಳ್ಳು. ಅವಸರದಲ್ಲಿ ಬೆರಳಷ್ಟೇ ತೂರಿಸಿ ಚಪ್ಪಲಿ ಮೆಟ್ಟಿದೆ. ಎದುರಿಗೆ ಅವರ ಆಟಗಾರರು ಎರಡೂ ಕಡೆ ಸರಿದು ದಾರಿ ಬಿಟ್ಟಿದ್ದರು. ಗೋಲ್‌ಕೀಪರ್ ಅಲ್ಲಿಂದಲೇ ಕೈ ಮುಗಿದ. ಇವನು ಚೆಂಡು ಬಿಡುವ ಹುಡುಗ ಎಂದು ನನಗೆ ಧೈರ್ಯ ಬಂತು. ಕುರ್ಚಿಯ ಸಾಲಿನಲ್ಲಿ ಮಗಳು ಮೊಬೈಲ್ ಎತ್ತಿ ವಿಡಿಯೋ ತೆಗೆಯುತ್ತಿದ್ದಳು.

ಮೈಯಲ್ಲಿದ್ದ ಬಲವೆಲ್ಲ ಹಾಕಿ ಹೊಡೆದೆ.

ಚೆಂಡು ಒಂದು ಗೇಣು ಸರಿದು ಅಲ್ಲೇ ನಿಂತಿತು. ಚಪ್ಪಲಿ ಹೋಯಿತು. ಸುಮ್ಮನೆ ಹೋಗಲಿಲ್ಲ, ಗಿರಗಿರ ತಿರುಗುತ್ತ, ನಾನು ಗೋದಾಮಿನಲ್ಲಿ ಗುರಿ ಇಟ್ಟಿದ್ದ ಅದೇ ಮೂಲೆಗೆ ಹೋಯಿತು. ಕೈ ಮುಗಿದು ನಿಂತಿದ್ದ ಗೋಲ್‌ಕೀಪರ್ ಅಡ್ಡ ಹಾರಿ, ಗಾಳಿಯಲ್ಲೇ ಅದನ್ನು ಎರಡೂ ಕೈಯಿಂದ ಹಿಡಿದ.

ಮಗಳು ಮೊಬೈಲ್ ಕೆಳಗಿಳಿಸಿ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಆ ಹುಡುಗ ಎದ್ದು, ಮೈಯ ಮಣ್ಣು ಝಾಡಿಸಿಕೊಂಡು, ಅಷ್ಟು ದೂರದಿಂದ ನಡೆದು ಬಂದು, ಚಪ್ಪಲಿಯನ್ನು ನನ್ನ ಕಾಲ ಹತ್ತಿರ ಇಟ್ಟು ನಮಸ್ಕಾರ ಮಾಡಿದ. ನಾನು ಒಂಟಿ ಕಾಲಿನಲ್ಲಿ ನಿಂತಿದ್ದೆ, ಇನ್ನೊಂದು ಕಾಲಿನ ಕೆಳಗೆ ಮುಳ್ಳು.

ಬೀಗರು ಬಂದು ನನ್ನ ರಟ್ಟೆ ಹಿಡಿದು ಆಸರೆ ಕೊಟ್ಟರು.

“ಬ್ಯಾಸರ ಮಾಡ್ಕೋಬ್ಯಾಡ್ರಿ ಬೀಗರ” ಎಂದರು, “ಚೆಂಡು ಬಂದಿದ್ರ ಬಿಡ್ತಿದ್ದ. ನಾನೇ ಹೇಳಿಟ್ಟಿದ್ದೆ.”