ಅತ್ತೆಯ ಅಪ್ಪಣೆಯಿಲ್ಲದೆ ತೆರೆಯದ ಡಿಸ್ಕು

ನಾನು ಕೆಲಸ ಮಾಡುವ ರಕ್ಷಣಾ ಕಾರ್ಖಾನೆಯ ಉಗ್ರಾಣದಿಂದ ನನ್ನ ಸಹಿಯಿಲ್ಲದೆ ಒಂದು ನಟ್ಟೂ ಹೊರಗೆ ಹೋಗುವುದಿಲ್ಲ. ಅಂಥ ನನಗೆ, ಕೊಂಡಾಪುರದ ನನ್ನದೇ ಮನೆಯಲ್ಲಿ, ನನ್ನದೇ ಲ್ಯಾಪ್‌ಟಾಪು ಹೇಳಿತು: ‘ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ.’ ಮೈ ಉರಿಯದೆ ಇರುತ್ತದೆಯೇ?

ಅದರೊಳಗೆ ಇದ್ದದ್ದು ಮಗಳು ಲಹರಿಯನ್ನು ತೊಟ್ಟಿಲಿಗೆ ಹಾಕಿದ ದಿನದ ವಿಡಿಯೋ. ಮಾವ ಗೊಲ್ಲಾಳಪ್ಪನವರು ಅಂದು ಜೋಗುಳ ಹಾಡಿದ್ದರು. ಅವರ ದನಿ ಬೇರೆಲ್ಲೂ ಉಳಿದಿಲ್ಲ. ಅವರ ಪುಣ್ಯತಿಥಿಗೆ ಅದನ್ನು ಕೇಳಿಸಿಯೇ ತೀರುತ್ತೇನೆಂದು ಹೆಂಡತಿ ಶೈಲಶ್ರೀಗೆ ವೀರಾವೇಶದಿಂದ ಮಾತು ಕೊಟ್ಟಿದ್ದೆ. ಅದನ್ನು ಹಾಕಿಟ್ಟಿದ್ದ, ಈಗ ಸತ್ತ ಹಳೆಯ ಕಂಪ್ಯೂಟರಿನ ಹೊಟ್ಟೆ ಬಗೆದು ಹಾರ್ಡ್ ಡಿಸ್ಕ್ ತೆಗೆದು, ಕೋಠಿ ಬಜಾರಿನಿಂದ ವೈರು ತಂದು ಲ್ಯಾಪ್‌ಟಾಪಿಗೆ ಜೋಡಿಸಿದ್ದೆ. (ಅಂಗಡಿಯವನು ಡಿಸ್ಕನ್ನು ಕಿವಿಗೆ ಹಿಡಿದು, “ಚಾಚಾ, ಜಾನ್ ಬಾಕಿ ಹೈ” ಎಂದು, ಜೀವ ಇನ್ನೂ ಇದೆಯೆಂಬ ಭರವಸೆ ಕೊಟ್ಟಿದ್ದ.)

“ಅಪ್ಪಾ, ಡಿಸ್ಕಿನ ಮಾಲೀಕತ್ವ ಬದಲಿ ಮಾಡ್ಬೇಕು. ಅಡ್ಮಿನ್ ಪಾಸ್‌ವರ್ಡ್ ಹಾಕಿದ್ರ ಆತು” ಎಂದಳು ಲಹರಿ. ಗಚ್ಚಿಬೌಲಿಯ ಕಂಪ್ಯೂಟರ್ ಕಂಪನಿಯಲ್ಲಿ ಇವಳಿಗೆ ಇದೇ ಕೆಲಸ.

“ಅಡ್ಮಿನ್ ಅಂದ್ರ ನಾನs ಅಲ್ಲೇನು?”

“ಅಲ್ಲ. ಶಾರದಾಬಾಯಿ ಅಂತ ತೋರ್ಸಾಕತ್ತೈತಿ.”

ಶಾರದಾಬಾಯಿ ನನ್ನ ಅತ್ತೆ. ನಮ್ಮಲ್ಲಿ ಹೊಸ ಸಾಮಾನು ಏನು ಬಂದರೂ ಕುಂಕುಮ ಹಚ್ಚಿ, ಕಾಯಿ ಒಡೆದು, ಹಿರಿಯರ ಕೈಯಿಂದಲೇ ಶುರು ಮಾಡಿಸುತ್ತೇವೆ. ಲ್ಯಾಪ್‌ಟಾಪು ಬಂದ ದಿನ, ಮೊದಲ ಹೆಸರು ಅತ್ತೆಯದೇ ಇರಲಿ, ಗುಪ್ತಪದವನ್ನೂ ಅವರೇ ಒತ್ತಲಿ ಎಂದು ಹಲ್ಲು ಕಿರಿದವನು ನಾನೇ. ಮೊದಲ ಹೆಸರಿನವರೇ ಸರ್ವಾಧಿಕಾರಿಗಳು ಎಂಬ ಕಂಪ್ಯೂಟರ್ ಶಾಸ್ತ್ರ ನನಗೇನು ಗೊತ್ತು?

“ಅತ್ತಿ, ಪಾಸ್‌ವರ್ಡ್ ಹೇಳ್ರಿ.”

“ಹೇಳಂಗಿಲ್ರಿ” ಎಂದರು ಅತ್ತೆ, ಜಪಮಾಲೆ ನಿಲ್ಲಿಸದೆ. “ಫೋನ್ ಹಚ್ಚಿದಾಗೆಲ್ಲಾ ಒಬ್ಬಾಕಿ ಹೇಳ್ತಾಳ, ಯಾರಿಗೂ ಹೇಳಬ್ಯಾಡ್ರಿ ಅಂತ.”

“ನಾ ಯಾರೋ ಅಲ್ರಿ, ನಿಮ್ಮ ಅಳಿಯ.”

“ಮೋಸ ಮಾಡೋರು ಭಾಳ ಬೇಕಾದವ್ರಂಗನ ಮಾತಾಡ್ತಾರಂತ.”

“ಅವ್ವಾ, ಅದರಾಗ ಅಪ್ಪನ ಹಾಡು ಐತಿ” ಎಂದಳು ಶೈಲಶ್ರೀ.

ಜಪಮಾಲೆ ನಿಂತಿತು. ಅತ್ತೆ ಕನ್ನಡಕ ಹುಡುಕಿಕೊಂಡು ಎದ್ದರು. “ನಾನs ಒತ್ತತೀನಿ. ಎಲ್ಲಾರೂ ಗ್ವಾಡಿ ಕಡೆ ಮುಖ ಮಾಡ್ರಿ.”

ಮೂವರೂ ಗೋಡೆಗೆ ಮುಖ ಮಾಡಿ ನಿಂತೆವು. ಅಷ್ಟರಲ್ಲಿ ನೀರಿನ ಕ್ಯಾನು ಹೊತ್ತು ಬಂದ ಮಲ್ಲೇಶ, “ಏಮೈಂದಿ ಸಾರ್?” ಎಂದು ಪಿಸುಗುಟ್ಟಿ, ಉತ್ತರಕ್ಕೆ ಕಾಯದೆ, ಕ್ಯಾನಿನ ಸಮೇತ ತಾನೂ ಗೋಡೆಗೆ ತಿರುಗಿದ.

ಆದರೆ ಅತ್ತೆಗೆ ಏನು ಬರೆದರೂ ಬಾಯಿಬಿಟ್ಟು ಅಂದುಕೊಂಡೇ ಬರೆಯುವ ರೂಢಿ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತತೊಡಗಿದರು.

“ದಂ... ಡ... ಅ... ಳಿ... ಯ.”

ಪಕ್ಕದಲ್ಲಿ ಲಹರಿಯ ಭುಜ ಕುಣಿಯುತ್ತಿತ್ತು. ತೆಲುಗಿನ ಮಲ್ಲೇಶನಿಗೂ ಅರ್ಥವಾಗಿರಬೇಕು, ನನ್ನನ್ನು ಕನಿಕರದಿಂದ ನೋಡಿದ. ಅತ್ತೆಗೆ ಏನನ್ನೋ ಅನ್ನಬೇಕೆಂದು ನಾನು ಸಿಟ್ಟಿನಿಂದ ತಿರುಗುವಷ್ಟರಲ್ಲಿ ಫೋಲ್ಡರು ತೆರೆದುಕೊಂಡಿತ್ತು.

ಧೋತರದ ಮಾವ ತೊಟ್ಟಿಲ ಬಳಿ ಕೂತು ಹಾಡುತ್ತಿದ್ದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ಒದ್ದೆಯಾಯಿತು. ಹಾಡು ಮುಗಿಸಿದ ಮಾವ, ಕ್ಯಾಮೆರಾ ಹಿಡಿದಿದ್ದ ನನ್ನ ಕಡೆ ನೋಡಿ ನಕ್ಕರು. “ಏ ದಂಡ ಅಳಿಯಾ, ಸಾಕು ಬಂದ್ ಮಾಡು. ಎಲ್ಲಾರ್ದೂ ಊಟ ಆತು, ನೀ ಇನ್ನಾ ಉಂಡಿಲ್ಲ.”

ಅವರು ನನ್ನನ್ನು ಹಾಗೆ ಕರೆಯುತ್ತಿದ್ದದ್ದು ನನಗೆ ಮರೆತೇಹೋಗಿತ್ತು.

“ಅವರ ಮಾತು ಮರೀಬಾರ್ದಂತ ಇಟ್ಟಿದ್ದೆ” ಎಂದರು ಅತ್ತೆ ಮೂಗು ಒರೆಸಿಕೊಂಡು. “ಈಗ ಎಲ್ಲಾರೂ ಕೇಳೀರಿ. ಬದಲಿ ಮಾಡ್ಬೇಕು.”

ನಾನು ಹೂಂ ಅನ್ನಲು ಬಾಯಿ ತೆರೆದೆ.

“ಬ್ಯಾಡವ್ವಾ” ಎಂದಳು ಶೈಲಶ್ರೀ. “ಅಪ್ಪ ಇಟ್ಟ ಹೆಸರು. ಇರ್ಲಿ.”

ಅಂದಿನಿಂದ ಲ್ಯಾಪ್‌ಟಾಪು ಯಾವುದಕ್ಕೆ ಅನುಮತಿ ಕೇಳಿದರೂ ಆ ಬಿರುದನ್ನು ನಾನೇ ಕೈಯಾರೆ ಒತ್ತಬೇಕು. ಮೊನ್ನೆ ಅವಸರದಲ್ಲಿ ಮತ್ತೆ ಮತ್ತೆ ತಪ್ಪಾಯಿತು. ಅಡುಗೆಮನೆಯಿಂದ ಅತ್ತೆ ಹೇಳಿದರು:

“ಬಾಯಿಬಿಟ್ಟು ಅನ್ಕೋತ ಒತ್ರಿ, ತಪ್ಪಂಗಿಲ್ಲ.”